ಉಸಿರಕ್ಕನಿಗೆ ಕೇಳಿಸಿದ ಹಕ್ಕಿ

ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆಯದೇ ಹೆಸರಿತ್ತು. ಊರಿಗೆಲ್ಲ ಮಾತ್ರ ಅವಳು ಉಸಿರಕ್ಕ. ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನಿಂತು, ದಿನಕ್ಕೆ ನಲವತ್ತು ಐವತ್ತು ಸಲ "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಹಾಗೇ ಇರಿ... ಹಾಂ, ಬಿಡಿ" ಎಂದು ಹೇಳಿ ಹೇಳಿ ಬಂದ ಹೆಸರು ಅದು. ಮಾರುಕಟ್ಟೆಗೆ ಹೋದರೆ ತರಕಾರಿಯವಳು ತಕ್ಕಡಿಯನ್ನು ಎತ್ತಿ ಹಿಡಿದುಕೊಂಡೇ "ಅಕ್ಕಾ, ಈಗ ಉಸಿರು ಬಿಡ್ಲಾ?" ಎಂದು ಕೇಳುತ್ತಿದ್ದಳು. ಉಸಿರಕ್ಕನೂ ಬಿಡುತ್ತಿರಲಿಲ್ಲ. "ಮೊದಲು ತೂಕ ಸರಿಯಾಗಿ ಹಾಕು, ಆಮೇಲೆ ಬಿಡು. ನಿನ್ನ ಎದೆಯೊಳಗೆ ಏನಿದೆ ಅಂತ ನಾನು ನೋಡಿದೀನಿ" ಎನ್ನುತ್ತಿದ್ದಳು. ಊರಿನ ಅರ್ಧ ಜನರ ಎದೆಯೊಳಗೆ ಏನಿದೆ ಎಂಬುದು ಅವಳಿಗೆ ನಿಜವಾಗಿಯೂ ಗೊತ್ತಿತ್ತು.

ಆ ಕೋಣೆ ಅವಳ ರಾಜ್ಯ. ಬಾಗಿಲ ಮೇಲೆ ಕೆಂಪು ದೀಪ, ಮೊಳೆಗೆ ನೇತುಹಾಕಿದ ಸೀಸದ ಅಂಗಿ, ರೋಗಿಗಳ ಎದೆ ತಾಗಿ ತಾಗಿ ನುಣ್ಣಗಾದ ತಣ್ಣನೆಯ ಹಲಗೆ. ಪಕ್ಕದಲ್ಲಿ ಫಿಲ್ಮು ತೊಳೆಯುವ ಕತ್ತಲೆಕೋಣೆ, ಅದರ ಹುಳಿ ವಾಸನೆ ಸೀರೆಗೆ ಹತ್ತಿ ಮನೆಯವರೆಗೂ ಬರುತ್ತಿತ್ತು. ಕೈ ಮುರಿದುಕೊಂಡು ಕಿರುಚಾಡುತ್ತ ಬಂದ ಮಕ್ಕಳನ್ನೂ ಕೆಮ್ಮಿ ಕೆಮ್ಮಿ ಸುಸ್ತಾದ ಮುದುಕರನ್ನೂ ಒಂದೇ ಒಂದು ಕ್ಷಣ ಅಲುಗಾಡದಂತೆ ನಿಲ್ಲಿಸುವುದು ಸಣ್ಣ ಮಾತಲ್ಲ. ಅವಳು ನಿಲ್ಲಿಸುತ್ತಿದ್ದಳು. ಅವಳು ತೆಗೆದ ಫಿಲ್ಮು ಅಲುಗಿ ಮಸುಕಾಯಿತು ಎಂದು ಯಾವ ಡಾಕ್ಟರೂ ವಾಪಸು ಕಳಿಸಿದ್ದಿಲ್ಲ.

ಐವತ್ತಮೂರನೆಯ ವಯಸ್ಸಿನಲ್ಲಿ ಅವಳಿಗೆ ಹನ್ನೆರಡು ದಿನ ಕಾದ ಹೆಂಚಿನಂಥ ಜ್ವರ ಬಂತು. ಜ್ವರ ಇಳಿಯಿತು, ಮೈ ಸುಧಾರಿಸಿತು, ಊಟ ಸೇರಿತು. ಆದರೆ ಏನೋ ಒಂದು ಕಡಿಮೆಯಾಗಿತ್ತು. ಅದು ಏನೆಂದು ತಿಳಿಯಲು ಅವಳಿಗೆ ಒಂದು ತಿಂಗಳೇ ಬೇಕಾಯಿತು. ಕುಕ್ಕರು ಕೂಗುತ್ತಿರಲಿಲ್ಲ. ಗಡಿಯಾರದ ಅಲಾರಂ ಹೊಡೆದುಕೊಳ್ಳುತ್ತಿರಲಿಲ್ಲ. ಫೋನಿನಲ್ಲಿ ತಂಗಿ ಬಾಯಿ ತುಂಬ ಬಟ್ಟೆ ತುರುಕಿಕೊಂಡವಳ ಹಾಗೆ ಮಾತಾಡುತ್ತಿದ್ದಳು. "ನಿನಗೇನು ಹಲ್ಲುನೋವಾ?" ಎಂದು ಇವಳು ಕೇಳಿದರೆ ಅವಳಿಗೆ ಸಿಟ್ಟು.

ಅದೇ ಸಮಯಕ್ಕೆ ಆಸ್ಪತ್ರೆಗೆ ಹೊಸ ಯಂತ್ರ ಬಂತು. ಹಳೆಯದು ಕೆಲಸ ಮುಗಿದಾಗ ಬಾಗಿಲು ಬಡಿದ ಹಾಗೆ "ಖಟ್" ಎನ್ನುತ್ತಿತ್ತು. ಹೊಸದು ಸಣ್ಣಗೆ, ತೆಳ್ಳಗೆ "ಪೀಂ" ಎನ್ನುತ್ತದೆ ಎಂದು ತಂದವರು ಹೇಳಿದರು. ಉಸಿರಕ್ಕ ತಲೆಯಾಡಿಸಿದಳು.

ಮಾರನೆಯ ದಿನ ಮನೆಗಳಿಗೆ ಬಣ್ಣ ಬಳಿಯುವವನೊಬ್ಬ ಎದೆಯ ಚಿತ್ರ ತೆಗೆಸಲು ಬಂದ. ಅವಳು ಮಾಮೂಲಿನಂತೆ "ಹಿಡ್ಕೊಳ್ಳಿ" ಎಂದು, ಸೀಸದ ಗೋಡೆಯ ಹಿಂದೆ ಹೋಗಿ ಗುಂಡಿ ಒತ್ತಿ, ಪೀಂ ಎನ್ನುವುದನ್ನೇ ಕಾಯುತ್ತ ನಿಂತಳು. ಕಾದಳು. ಕಾದಳು. ಬಣ್ಣದವನು ವಿಧೇಯ ಮನುಷ್ಯ, ಕಣ್ಣು ಗುಡ್ಡೆ ಮೇಲಾದರೂ ಬಿಡಲಿಲ್ಲ. ಕೊನೆಗೆ ಗೋಡೆ ಹಿಡಿದು ಕುಸಿದು, "ಅಕ್ಕಾ, ಸಾಯ್ತೀನಿ, ಬಿಡ್ಲಾ?" ಎಂದ. ಹೊರಗೆ ಬೆಂಚಿನ ಮೇಲೆ ಕೂತಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅವನೂ ನಕ್ಕ. ಉಸಿರಕ್ಕ ಮಾತ್ರ ಯಂತ್ರದ ಕಡೆ ತಿರುಗಿ ನೋಡಿದಳು. ಪೀಂ ಎಂದಿತ್ತು. ಅವಳಿಗೆ ಕೇಳಿಸಿರಲಿಲ್ಲ.

ಕಿವಿ ಡಾಕ್ಟರು ಅವಳನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಆ ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಗುಡ್ಡದಿಂದ ಜಾರಿದ ಹಾಗೆ ಕೆಳಗೆ ಬಿದ್ದಿತ್ತು. "ದಪ್ಪ ದನಿ ಕೇಳುತ್ತೆ, ತೆಳು ದನಿ ಹೋಗಿದೆ. ಹೋಗಿರೋದು ವಾಪಸು ಬರಲ್ಲ. ಕಿವಿಗೆ ಯಂತ್ರ ಹಾಕ್ಕೊಂಡ್ರೆ ಮಾತು ಅರ್ಥ ಆಗೋಕೆ ಸ್ವಲ್ಪ ಅನುಕೂಲ" ಎಂದರು. ಆಸ್ಪತ್ರೆಯ ಮೇಲಧಿಕಾರಿ ಕೆಟ್ಟವರಲ್ಲ. ಕೆಲಸದಿಂದ ತೆಗೆಯಲಿಲ್ಲ, ಸಂಬಳ ಇಳಿಸಲಿಲ್ಲ. ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದರು. ಅಲ್ಲಿ ಹಳೆಯ ಫಿಲ್ಮುಗಳು ಕಂದು ಲಕೋಟೆಗಳಲ್ಲಿ ಚಾವಣಿಯವರೆಗೆ ಪೇರಿಕೊಂಡಿದ್ದವು. ಅವಳೇ ತೆಗೆದ ಸಾವಿರಾರು ಎದೆಗಳು, ಮೊಣಕಾಲುಗಳು, ಬೆನ್ನುಮೂಳೆಗಳು. ಮೊದಲ ವಾರ ಅವಳು ಆ ಲಕೋಟೆಗಳ ನಡುವೆ ಸ್ಟೂಲಿನ ಮೇಲೆ ಕೂತು ಯಾರಿಗೂ ಕಾಣದಂತೆ ಅತ್ತಳು. ಎರಡನೆಯ ವಾರ ಧೂಳು ಹೊಡೆಯಲು ಶುರುಮಾಡಿದಳು.

ದೊಡ್ಡ ಡಾಕ್ಟರು ಬಂದದ್ದು ಅಲ್ಲಿಗೆ. ಅವಳು ತೆಗೆದ ಫಿಲ್ಮುಗಳನ್ನು ಇಪ್ಪತ್ತು ವರ್ಷ ಬೆಳಕಿಗೆ ಹಿಡಿದು ಓದಿದವರು ಅವರು. ನಿವೃತ್ತರಾಗಿ ಐದಾರು ವರ್ಷವಾಗಿತ್ತು. ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿದು ಬಂದರು. ಹೆಗಲಲ್ಲಿ ಒಂದು ಕಪ್ಪು ಚೀಲ.

"ನಿನ್ನನ್ನ ಮೇಲೆಲ್ಲ ಹುಡುಕಿದೆ ಕಣಮ್ಮ. ಪಾತಾಳದಲ್ಲಿ ಕೂತಿದೀಯಲ್ಲ?"

ಅವರದು ಗಡಸು ಗಂಟಲು. ಒಂದಕ್ಷರವೂ ಬಿಡದೆ ಕೇಳಿಸಿತು. ಅವಳು ಎದ್ದು ಸ್ಟೂಲು ಒರೆಸಿ ಕೊಟ್ಟಳು. ಅವರು ಚೀಲ ತೆರೆದು ಕ್ಯಾಮೆರಾ ಹೊರಗೆ ತೆಗೆದರು. ಅದಕ್ಕೆ ಮೊಣಕೈಯುದ್ದದ ಲೆನ್ಸು. ಡಾಕ್ಟರಿಗೆ ಕಾಡು ಸುತ್ತಿ ಹಕ್ಕಿಗಳ ಚಿತ್ರ ತೆಗೆಯುವ ಹುಚ್ಚು ಇದೆ ಎಂಬುದು ಆಸ್ಪತ್ರೆಗೆಲ್ಲ ಗೊತ್ತಿತ್ತು. ಅವರು ಹಿಂಬದಿಯ ಪರದೆಯಲ್ಲಿ ಇತ್ತೀಚಿನ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಎಲ್ಲವೂ ಮಸುಕು. ಹಸಿರು ಕಲೆ, ಕೆಂಪು ಕಲೆ, ಕಂದು ಗೀರು.

"ಇದೇನು ಸರ್, ಅಲುಗಿಬಿಟ್ಟಿದೆ" ಎಂದಳು ಉಸಿರಕ್ಕ, ಹಳೆಯ ಅಭ್ಯಾಸದಿಂದ.

"ಅಲುಗಿದ್ದು ಹಕ್ಕಿ ಅಲ್ಲ, ನಾನು." ಅವರು ಎರಡೂ ಕೈ ಚಾಚಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. "ಲೋಟದಲ್ಲಿ ನೀರೇ ನಿಲ್ಲಲ್ಲ, ಇನ್ನು ಹಕ್ಕಿ ನಿಲ್ಲುತ್ತಾ? ಇಡೀ ಊರಲ್ಲಿ ಅಲುಗದ ಕೈ ಯಾರದು ಅಂತ ಯೋಚನೆ ಮಾಡ್ದೆ. ನಿನ್ನ ನೆನಪಾಯ್ತು."

"ನನಗೆ ಕಿವಿ ಕೇಳಲ್ಲ ಸರ್. ಕಾಡಲ್ಲಿ ಹಕ್ಕಿ ಕೂಗಿದ್ರೆ ನನಗೆ ಗೊತ್ತೇ ಆಗಲ್ಲ."

"ನನಗೆ ಕೇಳುತ್ತಲ್ಲ! ಕಿವಿ ನಂದು, ಕೈ ನಿಂದು. ಇಬ್ರೂ ಸೇರಿದ್ರೆ ಒಬ್ಬ ಗಟ್ಟಿ ಮನುಷ್ಯ ಆಗ್ತೀವಿ."

ಅವಳು ಸಂಜೆ ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪ್ಯಾಂಟಿನ ಅಂಚು ಮಡಿಸುತ್ತಿದ್ದ ಅವನು ಎಲ್ಲ ಸೂಜಿ ಚುಚ್ಚಿ ಮುಗಿಸುವವರೆಗೆ ಮಾತಾಡಲಿಲ್ಲ. ಆಮೇಲೆ ಅವಳ ಮುಖಕ್ಕೆ ಮುಖ ಕೊಟ್ಟು, ಅವಳಿಗೆ ಕೇಳಿಸುವ ಹಾಗೆ ಬಿಡಿಸಿ ಹೇಳಿದ.

"ಹೋಗಿ ಬಾರೇ. ಮೂರು ತಿಂಗಳಿಂದ ನಿನ್ನ ಮುಖ ನೋಡೋಕಾಗ್ತಿಲ್ಲ. ಹಕ್ಕಿಗಳಾದ್ರೂ ನೋಡ್ಲಿ."

"ನನ್ನ ಮುಖಕ್ಕೇನಾಗಿದೆ ರೀ?"

"ಇಸ್ತ್ರಿ ಇಲ್ಲದ ಅಂಗಿ ಹಾಗಾಗಿದೆ."

ಮುಂದಿನ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟರು. ಒಂದೂವರೆ ಗಂಟೆಯ ದಾರಿ. ಕಾಡಿನ ಬಾಯಲ್ಲಿ ಇಳಿದಾಗ ಮರಗಳ ತುದಿಯಲ್ಲಿ ಇನ್ನೂ ಮಂಜು ನೇತಾಡುತ್ತಿತ್ತು, ಎಲೆಗಳಿಂದ ತಟತಟ ನೀರು ತೊಟ್ಟಿಕ್ಕುತ್ತಿತ್ತು. ಡಾಕ್ಟರು ಒಂದು ಸಂಜ್ಞೆ ಮಾಡಿಕೊಂಡರು. ಹಕ್ಕಿ ಎಡಕ್ಕೆ ಕೂಗಿದರೆ ಅವಳ ಎಡ ಹೆಗಲು ತಟ್ಟುವುದು, ಬಲಕ್ಕಾದರೆ ಬಲ ಹೆಗಲು, ನೆತ್ತಿಯ ಮೇಲಾದರೆ ಎರಡು ಸಲ ತಟ್ಟುವುದು. ಆ ದಿನ ಅವಳ ಹೆಗಲು ಡೋಲಾಯಿತು. ಚಿತ್ರಗಳಲ್ಲಿ ಮಾತ್ರ ಹಕ್ಕಿ ಬರಲಿಲ್ಲ. ಒಂದರಲ್ಲಿ ಬಾಲ ಬಂತು. ಒಂದರಲ್ಲಿ ಹಕ್ಕಿ ಹಾರಿ ಹೋದಮೇಲೆ ತೂಗುತ್ತಿದ್ದ ರೆಂಬೆ ಬಂತು. ಉಳಿದ ನೂರಹತ್ತರಲ್ಲಿ ಎಲೆಗಳಿದ್ದವು, ಒಂದೂ ಅಲುಗದ, ನರನರವೂ ಎಣಿಸಬಹುದಾದ ಎಲೆಗಳು.

"ಎಲೆ ತುಂಬ ಚೆನ್ನಾಗಿ ತೆಗಿತೀಯ" ಎಂದರು ಡಾಕ್ಟರು. ಬೈಗುಳವೋ ಹೊಗಳಿಕೆಯೋ ತಿಳಿಯದೆ ಅವಳು ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಆದರೆ ಬಿಡಲಿಲ್ಲ. ಅವಳಿಗೆ ಕಾಯುವುದು ಗೊತ್ತಿತ್ತು. ಮೂವತ್ತು ವರ್ಷ ಕಪ್ಪು ಬಿಳುಪು ಬಿಟ್ಟು ಬೇರೆ ನೋಡದ ಕಣ್ಣಿಗೆ ಬಣ್ಣಗಳು ನಿಧಾನವಾಗಿ ಹತ್ತಿದವು. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಎಲೆಯ ನೆರಳಲ್ಲಿ ಕೂತ ಹಕ್ಕಿಗೆ ಎಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆಯಬೇಕು, ಹಾರುವ ಮುನ್ನ ಹಕ್ಕಿ ಹೇಗೆ ಒಂದಿಷ್ಟು ಕುಗ್ಗುತ್ತದೆ, ಎಲ್ಲ ತಿಳಿಯುತ್ತ ಬಂತು. ಡಾಕ್ಟರದು ಒಂದೇ ಕಟ್ಟುನಿಟ್ಟು. "ಗೂಡು ಕಂಡ್ರೆ ದೂರ ನಿಲ್ಲು. ನಮ್ಮ ಕಾಟಕ್ಕೆ ಹಕ್ಕಿ ಗೂಡು ಬಿಟ್ಟು ಹೋದ್ರೆ, ಆ ಚಿತ್ರ ಮನೇಲಿ ಇಟ್ಕೊಳ್ಳೋಕೂ ಲಾಯಕ್ಕಲ್ಲ."

ಏಳನೆಯ ತಿಂಗಳಿನ ಒಂದು ಬೆಳಿಗ್ಗೆ ಡಾಕ್ಟರು ಮಂಡಿನೋವೆಂದು ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು. ಉಸಿರಕ್ಕ ಇಪ್ಪತ್ತು ಮಾರು ಮುಂದೆ ಹೋಗಿದ್ದಳು. ಅವಳಿಗೆ ಕಾಡೆಂದರೆ ಸದ್ದಿಲ್ಲದ ಜಾಗ. ಹಕ್ಕಿಗಳು ಬಾಯಿ ತೆರೆಯುವುದು ಕಾಣುತ್ತಿತ್ತು, ಅಷ್ಟೇ. ಆವತ್ತು ಇದ್ದಕ್ಕಿದ್ದಂತೆ ಎಲ್ಲಿಂದಲೋ ಯಾರೋ ಕರೆದ ಹಾಗಾಯಿತು.

ಕುಟ್ರೂ... ಕುಟ್ರೂ... ಕುಟ್ರೂ...

ಅವಳು ಸುತ್ತ ನೋಡಿದಳು. ಯಾರೂ ಇಲ್ಲ. ತಲೆಯೊಳಗಿನ ಸದ್ದಿರಬೇಕು ಎಂದುಕೊಂಡು ಕಿವಿ ಮುಚ್ಚಿದಳು. ನಿಂತಿತು. ಕೈ ತೆಗೆದಳು. ಮತ್ತೆ ಕುಟ್ರೂ, ಕುಟ್ರೂ. ಅವಳು ಬಂದ ದಾರಿಯಲ್ಲೇ ಓಡೋಡಿ ವಾಪಸು ಬಂದಳು.

"ಸರ್, ಯಾರೋ ಕೂಗ್ತಿದಾರೆ. ಯಾವುದೋ ಗಾಡಿನಾ? ಪಂಪಾ?"

ಡಾಕ್ಟರು ತಲೆಯೆತ್ತಿ ಆಲಿಸಿದರು. "ನಿನಗೆ ಕೇಳ್ತಿದೆಯಾ?"

"ಕೇಳ್ತಿದೆ. ಕುಟ್ರೂ ಕುಟ್ರೂ ಅಂತ."

"ಅಮ್ಮಾ, ಅದು ಕುಟ್ರುಹಕ್ಕಿ." ಅವರು ಮಂಡಿನೋವು ಮರೆತು ಎದ್ದು ನಿಂತರು. "ಅದರದು ದಪ್ಪ ಗಂಟಲು, ಗೂಡಿನ ಕಾಲ ಬಂತಲ್ಲ, ಈಗ ಜೋರಾಗಿ ಕೂಗುತ್ತೆ. ನೀನು ತೋರಿಸಿದ ಕಿವಿ ಪರೀಕ್ಷೆ ಕಾಗದದಲ್ಲಿ ಆ ಗೆರೆ ಜಾರೋಕೆ ಮುಂಚೆ ಇದೆಯಲ್ಲ, ನೆಟ್ಟಗಿರೋ ಜಾಗ, ಅಲ್ಲಿ ಕೂಗುತ್ತೆ ಅದು. ನನ್ನ ತಲೆಗೆ ಹೊಳೀಲೇ ಇಲ್ಲ ನೋಡು. ಏಳು ತಿಂಗಳಿಂದ ಸುಮ್ನೆ ಹೆಗಲು ತಟ್ತಾ ಇದ್ನಲ್ಲ!"

ಉಸಿರಕ್ಕ ಅಲ್ಲೇ ಒದ್ದೆ ಎಲೆಗಳ ಮೇಲೆ ಕೂತುಬಿಟ್ಟಳು. ಇನ್ನೊಂದು ಹಕ್ಕಿ ದೂರದಿಂದ ಉತ್ತರ ಕೊಟ್ಟಿತು, ಅದೂ ಕೇಳಿಸಿತು. ಯಾರಿಗೆ ಕೈ ಮುಗಿಯಬೇಕೆಂದು ತೋಚದೆ ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಬರೀ ಕೇಳುತ್ತ ಕೂತಳು. ಆವತ್ತು ಒಂದೂ ಚಿತ್ರ ತೆಗೆಯಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಅವಳು ಆ ದನಿಯ ಬೆನ್ನು ಹತ್ತಿದಳು. ಕೂಗು ಎಲ್ಲಿಂದ ಎಂದು ಅವಳಾಗಿಯೇ ಹುಡುಕಿಕೊಂಡು ಹೋಗಿ, ಹಕ್ಕಿಯನ್ನು ಅವಳಾಗಿಯೇ ಕಂಡಳು. ಗೊರವಂಕದಷ್ಟು ಗಾತ್ರ, ಎಲೆಹಸಿರು ಮೈ, ಕಂದು ತಲೆ, ಕೆನ್ನೆಯ ಮೇಲೆ ಕುಂಚ ಒತ್ತಿದ ಹಾಗೆ ಬಿಳಿ. ಗಿಡ್ಡ ಕತ್ತು, ದಪ್ಪ ಕೊಕ್ಕು, ಕೊಕ್ಕಿನ ಬುಡದಲ್ಲಿ ಪೊಲೀಸಿನವನಂಥ ಮೀಸೆ. ಮುಖ ಇಷ್ಟು ಎದ್ದು ಕಂಡರೂ ಎಲೆಯ ನಡುವೆ ಕೂತಿತೆಂದರೆ ಮಾಯ. ಕಾಡಿನ ವಿಶ್ರಾಂತಿ ಗೃಹದ ಹತ್ತಿರ, ಪ್ರವಾಸಿಗರ ವ್ಯಾನುಗಳು ನಿಲ್ಲುವ ಜಾಗದ ಪಕ್ಕದಲ್ಲಿ ಒಂದು ಒಣಮರವಿತ್ತು. ಅದರ ಕಾಂಡದಲ್ಲಿ ಮೂರಾಳೆತ್ತರಕ್ಕೆ ನಾಣ್ಯದ ಹಾಗೆ ಗುಂಡಗೆ ಕೊರೆದ ಒಂದು ತೂತು. ಒಂದು ಜೋಡಿ ಕುಟ್ರುಹಕ್ಕಿ ಅದರೊಳಗೆ ನುಗ್ಗುವುದನ್ನು ಅವಳು ಎರಡು ಭಾನುವಾರ ನೋಡಿದಳು. ದೂರ ನಿಂತೇ ನೋಡಿದಳು.

ಅಷ್ಟರಲ್ಲಿ ದೊಡ್ಡ ಡಾಕ್ಟರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವರ ಎಕ್ಸ್‌ರೇ ದಾಖಲೆ ಕೋಣೆಗೆ ಬಂದಾಗ ಉಸಿರಕ್ಕ ಅದನ್ನು ದೀಪಕ್ಕೆ ಹಿಡಿದು ನೋಡಿ, ತುಂಬ ಹೊತ್ತು ಲಕೋಟೆಗೆ ಹಾಕಲಿಲ್ಲ. ಸಂಜೆ ವಾರ್ಡಿಗೆ ಹೋದಳು. ಅವರು ಮಲಗಿದಲ್ಲಿಂದಲೇ ಕ್ಯಾಮೆರಾ ಚೀಲದ ಕಡೆ ಬೆರಳು ತೋರಿಸಿದರು. "ನೀನೊಬ್ಬಳೇ ಹೋಗು. ಭಾನುವಾರ ತಪ್ಪಿಸಬೇಡ."

ಆ ಬುಧವಾರ ಕಾಡಿನ ಗಾರ್ಡಮ್ಮನಿಂದ ಫೋನು ಬಂತು. ಕಾವಲು ಕೆಲಸದ ಆ ಗಟ್ಟಿ ಹೆಂಗಸು ಇವಳಿಗೋಸ್ಕರ ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದಳು. "ಅಕ್ಕಾ, ನಿಮ್ಮ ಒಣಮರಕ್ಕೆ ಕೆಂಪು ಬಣ್ಣ ಹಚ್ಚಿದಾರೆ. ಸೋಮವಾರ ಕಡಿತಾರಂತೆ. ವ್ಯಾನಿನ ಮೇಲೆ ಬೀಳುತ್ತೆ ಅಂತ."

ಉಸಿರಕ್ಕ ಮಾರನೆಯ ದಿನವೇ ರಜೆ ಹಾಕಿ ಹೊರಟು, ಗಾರ್ಡಮ್ಮನನ್ನು ಕರೆದುಕೊಂಡು ರೇಂಜರ ಕಚೇರಿಗೆ ಹೋದಳು. ರೇಂಜರು ಕಡತಗಳ ಹಿಂದಿನಿಂದ ತಲೆಯೆತ್ತಿ ಎಲ್ಲ ಕೇಳಿದರು.

"ಮೇಡಂ, ಬುಡ ಟೊಳ್ಳಾಗಿದೆ. ಕೆಳಗೆ ಜನ ನಿಲ್ತಾರೆ. ನಾಳೆ ಒಂದು ರೆಂಬೆ ಯಾರದಾದ್ರೂ ತಲೆ ಮೇಲೆ ಬಿದ್ರೆ ಜವಾಬ್ದಾರಿ ಯಾರು?"

"ಅದೂ ನಿಜಾನೇ ಸರ್. ಆದ್ರೆ ಒಳಗೆ ಗೂಡಿದೆ."

"ಆ ಮರದಲ್ಲಿ ಹತ್ತು ಹಳೆ ತೂತಿವೆ. ಮರಿ ಇದೆ ಅಂತ ಹೇಗೆ ಹೇಳ್ತೀರಿ? ಮರಿ ಇದ್ರೆ ನಾನೇ ಕಡಿಸಲ್ಲ. ತೋರಿಸಿ. ಶನಿವಾರ ಸಂಜೆ ತನಕ ಟೈಮಿದೆ."

ಮಾತು ನ್ಯಾಯವಾಗಿತ್ತು. ಅವಳಿಗೆ ಸಿಟ್ಟು ಮಾಡಿಕೊಳ್ಳಲು ಏನೂ ಉಳಿಯಲಿಲ್ಲ. ಇನ್ನು ಉಳಿದದ್ದು ಕೆಲಸ. ಕಾಡಿನ ಅಂಚಿನಲ್ಲೇ ಇದ್ದ ಗಾರ್ಡಮ್ಮನ ಮನೆಯಲ್ಲಿ ಉಳಿಯುವುದೆಂದು ತೀರ್ಮಾನವಾಯಿತು. ಗಂಡನಿಗೆ ಫೋನು ಮಾಡಿ, ಕೂತರೆ ಹಕ್ಕಿಗೆ ಕಾಣದಂಥ ಒಂದು ಮರೆ ಬೇಕೆಂದಳು. ಅವನು ಮಧ್ಯಾಹ್ನದ ಬಸ್ಸಿಗೇ ಬಂದಿಳಿದ. ಕಂಕುಳಲ್ಲಿ ದೊಡ್ಡದೊಂದು ಗಂಟು. ಆಪರೇಷನ್ ಕೋಣೆಯ ಹಳೆಯ ಹಸಿರು ಬಟ್ಟೆ ಚಿಂದಿಗೆ ಹಾಕಿದ್ದನ್ನು ಯಾವತ್ತೋ ಕೊಂಡಿಟ್ಟಿದ್ದನಂತೆ. ಕೂತ ಕೂತಲ್ಲೇ ಅದರಲ್ಲಿ ಒಂದು ಗುಡಾರ ಹೊಲಿದಿದ್ದ. ಮುಂದೆ ಲೆನ್ಸಿಗೆ ಅಳತೆಯ ಒಂದು ತೋಳು, ನೋಡಲು ಒಂದು ಜೇಬಿನಂಥ ಕಿಂಡಿ, ಒಳಗಡೆ ನೀರಿನ ಸೀಸೆಗೂ ಬಾಳೆಹಣ್ಣಿಗೂ ಎರಡು ಚೀಲ.

"ಕಾಲರ್ ಒಂದು ಬಾಕಿ ಇದೆ ನೋಡಿ" ಎಂದಳು ಉಸಿರಕ್ಕ.

"ಟ್ರಯಲ್ ಕೊಡು, ಆಮೇಲೆ ಹಾಕ್ತೀನಿ" ಎಂದ ಗಂಡ. ತೋಳಿನ ಬಳಿ ಬಟ್ಟೆ ಜಗ್ಗುತ್ತದೆಯೇ ಎಂದು ಮೂರು ಸಲ ಎಳೆದು ನೋಡಿ, ಸಂಜೆ ಬಸ್ಸಿಗೆ ವಾಪಸಾದ.

ಆ ಗುರುವಾರದ ಸಂಜೆ ಬೆಳಕಿದ್ದಷ್ಟು ಹೊತ್ತು ಅವಳು ಮರೆಯೊಳಗೆ ಕೂತಳು. ಹಕ್ಕಿ ಬರಲಿಲ್ಲ. ಇರುವೆ ಬಂದವು. ಹೊಸ ವಸ್ತು ಕಂಡ ಹಕ್ಕಿ ಒಂದು ದಿನ ದೂರವಿರುತ್ತದೆ ಎಂದು ಡಾಕ್ಟರು ಹಿಂದೆ ಹೇಳಿದ್ದರು, ಅದಕ್ಕೇ ಮರೆಯನ್ನು ನಲವತ್ತು ಹೆಜ್ಜೆ ದೂರಕ್ಕೆ ಹಾಕಿದ್ದಳು. ಶುಕ್ರವಾರ ಬೆಳಗಿನಿಂದ ಮಂಜು. ಲೆನ್ಸಿನ ಗಾಜಿನ ಮೇಲೆ ಬೆವರು ಕೂತಂತೆ ಹನಿ ಕೂತವು. ಹಕ್ಕಿ ಬಂದು ಹೋದದ್ದು ನೆರಳಿನ ಹಾಗೆ ಕಂಡಿತು, ಚಿತ್ರದಲ್ಲಿ ಹಾಲಿನಲ್ಲಿ ಬಿದ್ದ ಎಲೆಯಂತಿತ್ತು. ಇದನ್ನು ತೋರಿಸಿದರೆ ರೇಂಜರು ನಕ್ಕುಬಿಡುತ್ತಾರೆ. ಆದರೆ ಅವಳು ಇನ್ನೊಂದನ್ನು ಗಮನಿಸಿದಳು. ಬರುವ ಮುನ್ನ ಹಕ್ಕಿ ಪ್ರತಿಸಲವೂ ಎಡಗಡೆಯ ಕಣಿವೆಯಿಂದ ನಾಲ್ಕೈದು ಸಲ ಕೂಗುತ್ತಿತ್ತು. ಕೂಗು ನಿಂತ ಮೇಲೆ ಅವಳು ನಿಧಾನವಾಗಿ ಇಪ್ಪತ್ತು ಎಣಿಸುವಷ್ಟರಲ್ಲಿ ತೂತಿನ ಬಳಿ ಬಂದು ಕೂರುತ್ತಿತ್ತು.

ಶನಿವಾರ ಬಿಸಿಲು ಬಂತು. ಗಾರ್ಡಮ್ಮ ವ್ಯಾನುಗಳನ್ನು ದೂರದಲ್ಲೇ ತಡೆದು ನಿಲ್ಲಿಸಿ, ಇಳಿದವರಿಗೆಲ್ಲ ಬಾಯಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಒಂಬತ್ತು ಗಂಟೆಯ ಹೊತ್ತಿಗೆ ಬೆಳಕು ಮರದ ಕಾಂಡವನ್ನು ಬಳಸಿ ಬಂದು ಸರಿಯಾಗಿ ತೂತಿನ ಅಂಚಿಗೆ ಬಿತ್ತು. ಎಡದಿಂದ ಕೂಗು ಕೇಳಿಸಿತು. ಕುಟ್ರೂ, ಕುಟ್ರೂ, ಕುಟ್ರೂ, ಕುಟ್ರೂ. ನಿಂತಿತು. ಉಸಿರಕ್ಕ ಎಣಿಸತೊಡಗಿದಳು. ಹದಿನೆಂಟಕ್ಕೆ ಹಕ್ಕಿ ಬಂದು ಕಾಂಡಕ್ಕೆ ಕಚ್ಚಿ ಕೂತಿತು. ಕೊಕ್ಕಿನಲ್ಲಿ ಒಂದು ಕೆಂಪು ಹಣ್ಣು, ಬಿಸಿಲಿಗೆ ಅದರ ಹಸಿರು ರೆಕ್ಕೆ ಹೊಸ ರೇಷ್ಮೆಯ ಹಾಗೆ ಮಿಂಚಿತು. ಅವಳು ಒತ್ತಲಿಲ್ಲ. ಇನ್ನೂ ಏನೋ ಇದೆ ಎಂದು ಅವಳ ಬೆರಳಿಗೆ ಗೊತ್ತಿತ್ತು. ಆಗ ತೂತಿನೊಳಗಿನ ಕತ್ತಲೆಯಿಂದ ಒಂದು ಬೋಳು ಬೋಳಾದ ಪುಟ್ಟ ತಲೆ ಹೊರಬಂದು, ಇಷ್ಟಗಲ ಬಾಯಿ ತೆರೆಯಿತು. ಅದರ ಹಿಂದೆ ಇನ್ನೊಂದು, ಅಣ್ಣನನ್ನೋ ಅಕ್ಕನನ್ನೋ ತಳ್ಳಿಕೊಂಡು.

ಅವಳು ಒತ್ತಿದಳು. ಒಂದು, ಎರಡು, ಆರು ಚಿತ್ರ. ಹಣ್ಣು ಮರಿಯ ಬಾಯಿಗೆ ಹೋಯಿತು. ತಾಯಿಯೋ ತಂದೆಯೋ, ಆ ಹಕ್ಕಿ ಒಳಗೆ ತಲೆ ಹಾಕಿ ಮರಿಗಳ ಹೊಲಸನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಮನೆ ಗುಡಿಸಿದವರ ಹಾಗೆ ಹಾರಿ ಹೋಯಿತು. ಪರದೆಯಲ್ಲಿ ನೋಡಿದಳು. ಮರಿಯ ಗಂಟಲಿನ ಗುಲಾಬಿ ಬಣ್ಣ, ದೊಡ್ಡ ಹಕ್ಕಿಯ ಮೀಸೆಯ ಒಂದೊಂದು ಕೂದಲು, ಹಣ್ಣಿನ ಮೇಲಿನ ಹೊಳಪು. ಯಾವುದೂ ಅಲುಗಿರಲಿಲ್ಲ. ಹಸಿರು ಗುಡಾರದೊಳಗೆ ಉಸಿರಕ್ಕ ಸದ್ದಾಗದಂತೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ದಾಖಲೆ ಕೋಣೆಯ ಅಳುವಿನಂತಿರಲಿಲ್ಲ ಇದು.

ರೇಂಜರು ಕನ್ನಡಕ ಹಣೆಗೇರಿಸಿ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಎರಡು ಮರಿ."

"ಎರಡು ಕಂಡಿದೆ ಸರ್. ಒಳಗೆ ಇನ್ನೂ ಇದ್ರೂ ಇರಬಹುದು."

"ನಾನು ಈ ಕಾಡಲ್ಲಿ ಹದಿನಾಲ್ಕು ವರ್ಷದಿಂದ ಇದೀನಿ ಮೇಡಂ. ಈ ಹಕ್ಕಿ ಕೂಗೋದು ದಿನಾ ಕೇಳ್ತೀನಿ, ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಮುಖ ನೋಡಿದ್ದು ಇವತ್ತೇ." ಅವರು ಕ್ಯಾಮೆರಾವನ್ನು ಎರಡೂ ಕೈಯಿಂದ ವಾಪಸು ಕೊಟ್ಟರು. ಅಲ್ಲೇ ಒಂದು ಹಾಳೆ ಎಳೆದುಕೊಂಡು ಬರೆದರು. ಮರಿ ಹಾರುವವರೆಗೆ ಮರ ಮುಟ್ಟಬಾರದು, ವ್ಯಾನು ನಿಲ್ಲುವ ಜಾಗ ಐವತ್ತು ಹೆಜ್ಜೆ ಆಚೆಗೆ, ಮರದ ಸುತ್ತ ಹಗ್ಗ. "ಬುಡ ಟೊಳ್ಳು ಅನ್ನೋದೂ ಸುಳ್ಳಲ್ಲ. ಆಮೇಲೆ ಏನು ಮಾಡೋದು ಅಂತ ಆಮೇಲೆ ನೋಡೋಣ."

ಮೂರು ಮರಿಗಳಿದ್ದವು. ಹದಿನೇಳು ದಿನಗಳ ಮೇಲೆ, ಒಂದೊಂದು ಬೆಳಿಗ್ಗೆ ಒಂದೊಂದರಂತೆ ಹಾರಿದವು. ಕೊನೆಯದು ತೂತಿನಿಂದ ಅರ್ಧ ಹೊರಗೆ ಬಂದು, ಕೆಳಗೆ ನೋಡಿ, ಮತ್ತೆ ಒಳಗೆ ಹೋಗಿ, ಇಡೀ ದಿನ ಗಾರ್ಡಮ್ಮನ ಜೀವ ತಿಂದು, ಮಾರನೆಯ ಬೆಳಿಗ್ಗೆ ಹಾರಿತು. ಆಮೇಲೆ ರೇಂಜರು ಮರವನ್ನು ಬುಡಸಮೇತ ಕಡಿಸಲಿಲ್ಲ. ವಾಲಿದ್ದ ಮೇಲ್ಭಾಗವನ್ನಷ್ಟೇ ಕಡಿಸಿ, ಕಾಂಡವನ್ನು ನಿಲ್ಲಿಸಿದರು. ವ್ಯಾನುಗಳು ಹೊಸ ಜಾಗದಲ್ಲೇ ನಿಂತವು.

ಆರು ತಿಂಗಳ ಮೇಲೆ ದೊಡ್ಡ ಡಾಕ್ಟರು ಕೋಲು ಹಿಡಿದು ನಡೆಯುವಂತಾದರು. ಮುಂದಿನ ಗೂಡಿನ ಕಾಲಕ್ಕೆ ಉಸಿರಕ್ಕ ಮತ್ತು ಅವಳ ಗಂಡ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಕಾಡಿನ ಬೆಂಚಿನ ಮೇಲೆ ಕೂರಿಸಿದರು. ಕಡಿದು ಉಳಿದ ಕಾಂಡದಲ್ಲಿ ಹಳೆಯ ತೂತಿಗಿಂತ ಒಂದು ಮೊಳ ಕೆಳಗೆ ಹೊಸ ತೂತು ಕಾಣುತ್ತಿತ್ತು. ಅದೇ ಜೋಡಿಯೋ ಬೇರೆಯದೋ ಹೇಳುವಂತಿರಲಿಲ್ಲ. ಒಂದು ಹಕ್ಕಿ ಒಳಗೆ ನುಗ್ಗಿ ಕೊಕ್ಕಿನ ತುಂಬ ಮರದ ಪುಡಿ ತಂದು ಹೊರಗೆ ಉದುರಿಸುತ್ತಿತ್ತು.

"ಸರ್" ಎಂದಳು ಉಸಿರಕ್ಕ. ಈ ಮಾತನ್ನು ಅವಳು ಬಹಳ ದಿನದಿಂದ ಜೋಡಿಸಿಟ್ಟುಕೊಂಡಿದ್ದಳು. "ಆವತ್ತು ನೀವು ಮೆಟ್ಟಿಲು ಇಳ್ಕೊಂಡು ಬರದೇ ಇದ್ದಿದ್ರೆ, ನಾನು ಇನ್ನೂ ಆ ಲಕೋಟೆ ಮಧ್ಯೆ ಕೂತಿರ್ತಿದ್ದೆ. ನನಗೆ ಏನೂ ಉಳಿದಿಲ್ಲ ಅಂದ್ಕೊಂಡಿದ್ದೆ. ಏನೇನು ಉಳಿದಿದೆ ಅಂತ ತೋರಿಸಿಕೊಟ್ರಿ. ನಿಮ್ಮ ಉಪಕಾರ ನಾನು ಮರೆಯಲ್ಲ."

ಡಾಕ್ಟರು ಹಕ್ಕಿಯಿಂದ ಕಣ್ಣು ಕೀಳಲಿಲ್ಲ. "ಉಪಕಾರ ಗಿಪಕಾರ ಏನಿಲ್ಲಮ್ಮ. ನಾನು ಬಂದಿದ್ದು ನನ್ನ ಸ್ವಾರ್ಥಕ್ಕೆ. ಚಿತ್ರ ಅಲುಗ್ತಿತ್ತು, ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ." ಕೋಲನ್ನು ಬೆಂಚಿಗೆ ಒರಗಿಸಿ ಮತ್ತೆ ಹೇಳಿದರು. "ಆ ಮರಿ ಬಾಯಿ ತೆಗೆದಿರೋ ಚಿತ್ರ ಇದೆಯಲ್ಲ, ಅದು ನನ್ನ ಹಾಸಿಗೆ ಎದುರಿಗೇ ಇದೆ. ಬೆಳಿಗ್ಗೆ ಎದ್ದು ಮೊದಲು ನೋಡೋದು ಅದನ್ನೇ. ನಾನು ಇಪ್ಪತ್ತು ವರ್ಷ ಅಲೆದೆ, ನನಗೆ ಅಂಥದ್ದು ಸಿಗ್ಲಿಲ್ಲ. ಕ್ಯಾಮೆರಾ ಇನ್ನು ನಿಂದೇ, ವಾಪಸು ಗೀಪಸು ಅಂತ ತರಬೇಡ."

ಡಾಕ್ಟರು ಇನ್ನೆರಡು ವರ್ಷ ಇದ್ದರು. ಅಷ್ಟರಲ್ಲಿ ಉಸಿರಕ್ಕ ತನಗೆ ಕೇಳುವ ಹಕ್ಕಿಗಳ ಒಂದು ಪಟ್ಟಿ ಮಾಡಿದ್ದಳು. ಕುಟ್ರುಹಕ್ಕಿ, ಕೆಂಬೂತ, ಎರಡು ಬಗೆಯ ಪಾರಿವಾಳ, ಗೂಬೆ, ಮರ ಕುಟ್ಟುವಾಗ ಮರಕುಟಿಗ. ಒಟ್ಟು ಒಂಬತ್ತು. ಕೇಳದ ಹಕ್ಕಿಗಳು ಇನ್ನೂರಕ್ಕೂ ಹೆಚ್ಚು, ಅವುಗಳ ಪಟ್ಟಿಯನ್ನು ಅವಳು ಮಾಡಲಿಲ್ಲ. ಕಿವಿಗೆ ಯಂತ್ರ ಬಂದಿದೆ, ತಂಗಿಯ ಹಲ್ಲುನೋವು ವಾಸಿಯಾಗಿದೆ.

ಆ ಚಿತ್ರದ ಇನ್ನೊಂದು ಪ್ರತಿ ದರ್ಜಿಯ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿದೆ. ಅಳತೆ ಕೊಡಲು ಬಂದವರು ಕೈ ಚಾಚಿ ನಿಂತು ಎಲ್ಲಿಗೂ ಹೋಗುವಂತಿಲ್ಲದಾಗ ಅವನು ಶುರುಮಾಡುತ್ತಾನೆ. "ನನ್ನ ಹೆಂಡತಿ ತೆಗೆದಿದ್ದು. ನಾನು ಹೊಲಿದ ಗುಡಾರದಲ್ಲಿ ಕೂತು." ಹೇಳುವಾಗ ಮೂರು ದಿನ ಆರು ದಿನವಾಗುತ್ತದೆ, ಮೂರಾಳೆತ್ತರದ ತೂತು ಆರಾಳೆತ್ತರಕ್ಕೆ ಏರುತ್ತದೆ, ಇರುವೆಗಳ ಜಾಗದಲ್ಲಿ ಒಮ್ಮೊಮ್ಮೆ ಹಾವು ಬರುವುದೂ ಉಂಟು. ಅವನ ದಪ್ಪ ದನಿ ಒಳಮನೆಯವರೆಗೆ ನಿಚ್ಚಳವಾಗಿ ಕೇಳಿಸುತ್ತದೆ. ಉಸಿರಕ್ಕ ಒಳಗಿನಿಂದ ತಿದ್ದಲು ಹೋಗುವುದಿಲ್ಲ. ಭಾನುವಾರಕ್ಕೆಂದು ಲೆನ್ಸಿನ ಗಾಜನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸುತ್ತ, ನಗುತ್ತ ಕೇಳಿಸಿಕೊಳ್ಳುತ್ತಾಳೆ.